ಸೈಪ್ರಸ್ ಅಂಚೆಚೀಟಿಯ ಮೇಲೆ ನಮ್ಮ ಕೊಡಗಿನ ತಿಮ್ಮಯ್ಯ



ಈ ವರ್ಷ ತರಗತಿಯಲ್ಲಿ ಒಂದು ದಿನ ಪಾಠದ ಮಧ್ಯೆ ಅಂಚೆಚೀಟಿ ಅನ್ನೋ ಪದ ಬಂತು. ಹಾಗಂದ್ರೆ ಏನು ಅಂತ ಕೇಳಿದೆ. ಎಲ್ಲರೂ ಸುಮ್ಮನಿದ್ರು. ಸ್ಟ್ಯಾಂಪ್ ಅಂದ ಮೇಲೆ ಇಬ್ಬರು ಮೂವರು ತಲೆಯಾಡಿಸಿದರು. ಆದರೆ ಅಂಚೆಚೀಟಿ ಅಂಟಿಸಿ ಕಾಗದ ಹಾಕಿದವರು ಇಡೀ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ತಪ್ಪು ನಿಮ್ಮದಲ್ಲ. ನಾವು ದೊಡ್ಡವರೇ ಕಾಗದ ಬರೆಯೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಊರಿನಲ್ಲಿರುವ ಅಜ್ಜ ಅಜ್ಜಿಯ ಮುಖವನ್ನು ದಿನಾ ಫೋನಿನಲ್ಲೇ ನೋಡ್ತೀವಲ್ಲ.

ಅಂಚೆಚೀಟಿ ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕಾಗದದ ಚೂರು. ಇಷ್ಟು ದುಡ್ಡು ಕೊಟ್ಟಾಗಿದೆ, ಈ ಪತ್ರವನ್ನು ತಲುಪಿಸಿ ಅಂತ ಅಂಚೆ ಇಲಾಖೆಗೆ ತೋರಿಸುವ ರಸೀದಿ ಅದು. ಆದರೆ ಅದರ ಮೇಲೆ ಯಾರ ಚಿತ್ರ ಇರಬೇಕು ಅನ್ನೋದನ್ನು ಒಂದು ದೇಶ ತುಂಬಾ ಯೋಚನೆ ಮಾಡಿ ತೀರ್ಮಾನಿಸುತ್ತೆ. ಸಾಮಾನ್ಯವಾಗಿ ತಮ್ಮ ರಾಜರು, ತಮ್ಮ ಕವಿಗಳು, ತಮ್ಮ ಹಕ್ಕಿ, ಹೂವುಗಳು. ನಮ್ಮ ಮಲೇಷ್ಯಾದ ಅಂಚೆಚೀಟಿಗಳಲ್ಲಿ ದಾಸವಾಳ ಹೂವನ್ನು ನೀವು ನೋಡಿರಬಹುದು.

1966ರಲ್ಲಿ ಸೈಪ್ರಸ್ ಎಂಬ ಪುಟ್ಟ ದ್ವೀಪದೇಶ ಒಂದು ಅಂಚೆಚೀಟಿ ತಂದಿತು. ಬೆಲೆ 50 ಮಿಲ್. ಅದರ ಮೇಲಿದ್ದ ಮುಖ ಸೈಪ್ರಸ್‌ನವರದ್ದಲ್ಲ. ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಮಡಿಕೇರಿಯಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ಓದಿದ ಒಬ್ಬ ಸೈನಿಕನದ್ದು. ಹೆಸರು ಜನರಲ್ ತಿಮ್ಮಯ್ಯ. ಪಕ್ಕದಲ್ಲಿ ವಿಶ್ವಸಂಸ್ಥೆಯ ಲಾಂಛನ.

ಸೈಪ್ರಸ್‌ನವರು ಯಾಕೆ ಹೀಗೆ ಮಾಡಿದರು? ಇದೇ ಇವತ್ತಿನ ಕಥೆ. ಈ ಕಥೆ ನಾವಿರುವ ಮಲೇಷ್ಯಾವನ್ನೂ ಮುಟ್ಟಿಕೊಂಡು ಹೋಗುತ್ತೆ, ನೋಡಿ.

ಮಡಿಕೇರಿಯಿಂದ ಹೊರಟ ಹುಡುಗ

ಅವರ ಪೂರ್ತಿ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೊಡವರ ಹೆಸರಿನಲ್ಲಿ ಮೊದಲು ಬರೋದು ಮನೆತನದ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕೊಡಂದೇರ ಅವರ ಮನೆತನ. ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮುಖ್ಯಸ್ಥರಾದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಇದೇ ಮನೆತನದವರು.

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ. ಮನೆಯವರು ಕಾಫಿ ಬೆಳೆಗಾರರು. ತಾಯಿ ಸೀತಮ್ಮ ಓದಿದವರು, ಊರಿನ ಕಷ್ಟಸುಖಕ್ಕೆ ಆಗುತ್ತಿದ್ದವರು. ಅವರ ಸಮಾಜಸೇವೆಗೆ ಆಗಿನ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತ್ತು. ಆರು ಮಕ್ಕಳಲ್ಲಿ ತಿಮ್ಮಯ್ಯ ಮೂರನೆಯವರು. ಎಂಟು ವರ್ಷದ ಹುಡುಗನನ್ನು ನೀಲಗಿರಿ ಬೆಟ್ಟದ ಕೂನೂರಿನ ವಸತಿಶಾಲೆಗೆ ಕಳಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಅಲ್ಲಿಂದ ಮುಂದೆ ಡೆಹ್ರಾಡೂನ್‌ನಲ್ಲಿ ಆಗತಾನೇ ಶುರುವಾಗಿದ್ದ ಸೈನಿಕ ಕಾಲೇಜು, ಅದಾದ ಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಅವರು ಸೈನ್ಯದ ಅಧಿಕಾರಿಯಾದರು. ಜೊತೆಯವರು ಅವರನ್ನು ಟಿಮ್ಮಿ ಅಂತ ಕರೆಯೋಕೆ ಶುರುಮಾಡಿದರು. ಕೊನೇತನಕ ಸೈನ್ಯದಲ್ಲಿ ಆ ಹೆಸರೇ ಉಳಿಯಿತು.

ಆಗ ಭಾರತ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಹೊರಗೆ ಸ್ವಾತಂತ್ರ್ಯ ಚಳವಳಿ ನಡೀತಾ ಇದೆ, ಒಳಗೆ ತಾನು ಬ್ರಿಟಿಷರ ಸಮವಸ್ತ್ರ ತೊಟ್ಟಿದ್ದೇನೆ. ಇದು ಸರಿಯಾ ಅನ್ನೋ ಪ್ರಶ್ನೆ ಆ ಕಾಲದ ಎಷ್ಟೋ ಭಾರತೀಯ ಅಧಿಕಾರಿಗಳನ್ನು ಕಾಡುತ್ತಿತ್ತು. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರು ಮೋತಿಲಾಲ್ ನೆಹರೂ ಅವರ ಹತ್ತಿರವೇ ಇದನ್ನು ಕೇಳಿದರು. ಕೆಲಸ ಬಿಡಬೇಡಿ, ನಾಳೆ ಸ್ವತಂತ್ರ ದೇಶಕ್ಕೆ ಸೈನ್ಯ ನಡೆಸಲು ಗೊತ್ತಿರುವವರು ಬೇಕಾಗುತ್ತಾರೆ ಅನ್ನುವ ಅರ್ಥದಲ್ಲಿ ಆ ಹಿರಿಯರು ಬುದ್ಧಿ ಹೇಳಿದರು. ತಿಮ್ಮಯ್ಯ ಉಳಿದರು.

1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರ ಜೊತೆ ಮದುವೆ ಆಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾದಲ್ಲಿ ಭಾರೀ ಭೂಕಂಪ. ಊರಿಗೆ ಊರೇ ನೆಲಸಮ ಆಯಿತು. ಆಗ ಅಲ್ಲೇ ಇದ್ದ ಹೊಸ ದಂಪತಿ ಹಗಲುರಾತ್ರಿ ಪರಿಹಾರದ ಕೆಲಸದಲ್ಲಿ ತೊಡಗಿದರು. ನೀನಾ ಅವರ ಸೇವೆಗೂ ಅತ್ತೆಗೆ ಸಿಕ್ಕಿದ್ದ ಕೈಸರ್-ಎ-ಹಿಂದ್ ಪದಕವೇ ಸಿಕ್ಕಿತು.

ಸ್ಲಿಮ್ ರಿವರ್ ಮತ್ತು ಒಂದೇ ಮನೆಯ ಮಕ್ಕಳು

ನೀವು ಕೆಎಲ್ ಸೆಂಟ್ರಲ್‌ನಿಂದ ಇಪೋ ಕಡೆಗೆ ರೈಲಿನಲ್ಲಿ ಹೋಗಿದ್ದೀರಾ? ತಂಜೊಂಗ್ ಮಾಲಿಮ್ ದಾಟಿದ ಮೇಲೆ ಸ್ಲಿಮ್ ರಿವರ್ ಅಂತ ಒಂದು ಸ್ಟೇಷನ್ ಸಿಗುತ್ತೆ. ಮುಂದಿನ ಸಲ ಹೋದಾಗ ಕಿಟಕಿಯಿಂದ ನೋಡಿ.

ತಿಮ್ಮಯ್ಯನವರಿದ್ದ ದಳದ ಹೆಸರು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ಎರಡನೇ ಮಹಾಯುದ್ಧದ ಶುರುವಿನಲ್ಲಿ ಈ ಬೆಟಾಲಿಯನ್ ಸಿಂಗಾಪುರಕ್ಕೆ ಬಂತು. ತಿಮ್ಮಯ್ಯನವರೂ ಬಂದರು. ಆದರೆ ಜಪಾನಿನ ಸೈನ್ಯ ಇತ್ತ ಕಡೆ ನುಗ್ಗುವ ಮೊದಲೇ ಅವರು ವರ್ಗ ಕೇಳಿಕೊಂಡು ಭಾರತಕ್ಕೆ ಹೋಗಿದ್ದರು. ಅವರ ಬೆಟಾಲಿಯನ್ ಇಲ್ಲೇ ಉಳಿಯಿತು. 1942ರ ಜನವರಿ 7ರಂದು, ಬೆಳಕು ಹರಿಯುವ ಮುಂಚೆ, ಜಪಾನಿನ ಟ್ಯಾಂಕುಗಳು ಸ್ಲಿಮ್ ರಿವರ್ ಹತ್ತಿರದ ಹೆದ್ದಾರಿಯಲ್ಲಿ ನುಗ್ಗಿದವು. ಆ ದಿನ ಬೆಟಾಲಿಯನ್ ನುಚ್ಚುನೂರಾಯಿತು. ನಾಲ್ಕೇ ದಿನಕ್ಕೆ, ಜನವರಿ 11ಕ್ಕೆ, ಜಪಾನಿನವರು ಕೌಲಾಲಂಪುರ ಹೊಕ್ಕರು. ಫೆಬ್ರವರಿ 15ಕ್ಕೆ ಸಿಂಗಾಪುರ ಶರಣಾಯಿತು. ತಿಮ್ಮಯ್ಯನವರ ಜೊತೆ ಊಟ ಮಾಡಿದವರು, ಆಟ ಆಡಿದವರು ಎಷ್ಟೋ ಜನ ಸತ್ತರು ಅಥವಾ ಕೈದಿಗಳಾದರು.

ಹೀಗೆ ಮಲಯ ಮತ್ತು ಸಿಂಗಾಪುರದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಬಹಳಷ್ಟು ಮಂದಿ ಆಜಾದ್ ಹಿಂದ್ ಫೌಜ್ ಸೇರಿದರು. ಭಾರತದ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಹೋರಾಡಲು ಕಟ್ಟಿದ ಸೈನ್ಯ ಅದು. ಮುಂದೆ ಸುಭಾಷ್‌ಚಂದ್ರ ಬೋಸರು ಅದರ ನಾಯಕರಾದರು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರೂ ಆ ಸೈನ್ಯ ಸೇರಿದರು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಅಣ್ಣ ಬ್ರಿಟಿಷರ ವಿರುದ್ಧದ ಸೈನ್ಯದಲ್ಲಿ. ತಮ್ಮ ಬ್ರಿಟಿಷ್ ಭಾರತದ ಸೈನ್ಯದಲ್ಲಿ, ಬರ್ಮಾದ ಅರಾಕಾನ್ ಕಾಡಿನಲ್ಲಿ ಜಪಾನಿನ ವಿರುದ್ಧ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಇಬ್ಬರಿಗೂ ದೇಶದ ಮೇಲೆ ಪ್ರೀತಿ. ಆದರೂ ಯುದ್ಧ ಇಬ್ಬರನ್ನೂ ಎದುರುಬದುರಿಗೆ ನಿಲ್ಲಿಸಿತ್ತು. ಎದುರಿಗಿರುವವನು ಕೆಟ್ಟವನೇ ಆಗಿರಬೇಕಿಲ್ಲ ಅನ್ನೋದು ತಿಮ್ಮಯ್ಯನವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಅದು ಅವರ ಮನೆಯ ಮಾತೇ ಆಗಿತ್ತು.

ಬರ್ಮಾದಲ್ಲಿ ತಿಮ್ಮಯ್ಯನವರು ಮೊದಲು ಒಂದು ಬೆಟಾಲಿಯನ್ನನ್ನು, ಆಮೇಲೆ ಒಂದು ಬ್ರಿಗೇಡನ್ನು ನಡೆಸಿದರು. ಆ ಮಹಾಯುದ್ಧದಲ್ಲಿ ಯುದ್ಧಭೂಮಿಯಲ್ಲಿ ಕಾಲಾಳುಗಳ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ ಅವರು. ಶೌರ್ಯಕ್ಕೆ ಡಿಎಸ್‌ಒ ಪದಕ ಬಂತು. 1945ರ ಸೆಪ್ಟೆಂಬರ್ 12ರಂದು ಸಿಂಗಾಪುರದ ಪುರಭವನದಲ್ಲಿ ಜಪಾನಿನ ಸೇನಾಧಿಕಾರಿಗಳು ಶರಣಾಗತಿ ಪತ್ರಕ್ಕೆ ಸಹಿ ಹಾಕಿದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದವರು ಬ್ರಿಗೇಡಿಯರ್ ತಿಮ್ಮಯ್ಯ. ಆ ಕಟ್ಟಡ ಈಗ ಸಿಂಗಾಪುರದ ನ್ಯಾಷನಲ್ ಗ್ಯಾಲರಿ. ಶಾಲೆಯ ರಜೆಯಲ್ಲಿ ನಿಮ್ಮಲ್ಲಿ ಕೆಲವರು ಅದರ ಮುಂದೆ ಫೋಟೋ ತೆಗೆಸಿಕೊಂಡಿರಬಹುದು!

ಅದಾದ ಮೇಲೆ ಅವರಿಗೆ ಸಿಕ್ಕ ಕೆಲಸ ಜಪಾನಿನಲ್ಲಿ. ನಿನ್ನೆ ಮೊನ್ನೆಯ ತನಕ ಶತ್ರುಗಳಾಗಿದ್ದವರ ಊರಿನಲ್ಲಿ, ಸೋತು ಹಸಿದ ಜನರ ಮಧ್ಯೆ, ಭಾರತೀಯ ಪಡೆಯನ್ನು ನಡೆಸಬೇಕಾಗಿತ್ತು.

ಸ್ವಾತಂತ್ರ್ಯ ಮತ್ತು ಕಾಶ್ಮೀರ

1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ಇಬ್ಭಾಗವಾಯಿತು. ಪಂಜಾಬಿನಲ್ಲಿ ಲಕ್ಷಾಂತರ ಜನ ಮನೆಮಠ ಬಿಟ್ಟು ಗಡಿ ದಾಟಿದರು. ಆ ನಿರಾಶ್ರಿತರನ್ನು ಸುರಕ್ಷಿತವಾಗಿ ದಾಟಿಸುವ ಹೊಣೆ ಹೊತ್ತವರಲ್ಲಿ ತಿಮ್ಮಯ್ಯನವರೂ ಒಬ್ಬರು. ಅಕ್ಕಪಕ್ಕದ ಮನೆಯವರೇ ಒಬ್ಬರನ್ನೊಬ್ಬರು ಕೊಲ್ಲುವುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ಮಾರನೇ ವರ್ಷ ಕಾಶ್ಮೀರದ ಯುದ್ಧ. ಲೇಹ್ ಊರು ಶತ್ರುಗಳ ಕೈಗೆ ಹೋಗುವ ಹಾಗಿತ್ತು. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿರುವ ಲೇಹ್‌ಗೆ ಅಲ್ಲಿತನಕ ಸೈನ್ಯದ ವಿಮಾನವೇ ಹೋಗಿರಲಿಲ್ಲ. 1948ರ ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರು ಡಕೋಟಾ ವಿಮಾನವನ್ನು ಅಲ್ಲಿನ ಮಣ್ಣಿನ ಪಟ್ಟಿಯ ಮೇಲೆ ಇಳಿಸಿದರು. ಅದರಲ್ಲಿ ಪ್ರಯಾಣಿಕರಾಗಿ ಕೂತಿದ್ದವರು ಮೇಜರ್ ಜನರಲ್ ತಿಮ್ಮಯ್ಯ. ಅಪಾಯ ಇದ್ದರೆ ಅದರಲ್ಲಿ ತಾನೂ ಇರಬೇಕು ಅನ್ನೋದು ಅವರ ರೀತಿ.

ನವೆಂಬರ್‌ನಲ್ಲಿ ಜೊಜಿ ಲಾ ಕಣಿವೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿಸಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ತಿಮ್ಮಯ್ಯ ಹತ್ತಿಸಿದರು. ಅದಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್. ನಮ್ಮ ಬೆಂಗಳೂರಿನಲ್ಲಿ ನೆಲೆ ಇರುವ ಸೈನ್ಯದ ಎಂಜಿನಿಯರುಗಳು! ಮೊದಲ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರೇ ಕೂತಿದ್ದರು ಅಂತ ಸೈನ್ಯದಲ್ಲಿ ಇವತ್ತಿಗೂ ಹೇಳುತ್ತಾರೆ.

ಗೆಲುವಿಗೆ ಬೆಲೆಯೂ ಇತ್ತು. ಅವರ ತಮ್ಮ ಸೋಮಯ್ಯನವರೂ ಸೈನ್ಯದಲ್ಲಿದ್ದರು. ಅದೇ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೂ ಇದು ಒಬ್ಬ ವೀರನ ಕಥೆ ಆಗ್ತಿತ್ತು. ಆದರೆ ನಮ್ಮ ಅಂಚೆಚೀಟಿ ಇನ್ನೂ ಬಂದಿಲ್ಲ ಅಲ್ವಾ? ಬೇರೆ ದೇಶಗಳು ಅವರನ್ನು ನೆನೆಯುವುದು ಈ ಗೆಲುವುಗಳಿಗಲ್ಲ. ಆ ಕಥೆ ಈಗ ಶುರು.

ಕೊರಿಯಾ: ಎರಡು ಬಾಗಿಲಿನ ಡೇರೆ

1950ರ ಜೂನ್‌ನಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾ ನಡುವೆ ಯುದ್ಧ ಶುರುವಾಯಿತು. ದಕ್ಷಿಣದ ಕಡೆಗೆ ಅಮೆರಿಕ ಮುಂದಾಳಾಗಿದ್ದ ವಿಶ್ವಸಂಸ್ಥೆಯ ಸೈನ್ಯ, ಉತ್ತರದ ಕಡೆಗೆ ಚೀನಾ. ಮೂರು ವರ್ಷ ಕಳೆದರೂ ಯಾರೂ ಗೆಲ್ಲಲಿಲ್ಲ. ಯುದ್ಧ ನಿಲ್ಲಿಸೋಣ ಅಂದರೆ ಒಂದು ಪ್ರಶ್ನೆ ಅಡ್ಡ ನಿಂತಿತು. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಜನ ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಅಂತಿದ್ದರು. ಅವರನ್ನು ಬಲವಂತವಾಗಿ ಕಳಿಸಬೇಕಾ? ಅಥವಾ ಅವರು ನಿಜವಾಗಿಯೂ ಮನಸಾರೆ ಹೇಳ್ತಿದ್ದಾರಾ, ಯಾರಾದರೂ ಹೆದರಿಸಿ ಹೇಳಿಸ್ತಿದ್ದಾರಾ? ಈ ಒಂದು ಪ್ರಶ್ನೆಗಾಗಿ ಮಾತುಕತೆ ಒಂದು ವರ್ಷಕ್ಕೂ ಹೆಚ್ಚು ಎಳೆಯಿತು. ಅಷ್ಟೂ ದಿನ ಜನ ಸಾಯ್ತಾನೇ ಇದ್ದರು.

1952ರ ಕೊನೆಯಲ್ಲಿ ಭಾರತದ ಪರವಾಗಿ ವಿ.ಕೆ. ಕೃಷ್ಣ ಮೆನನ್ ಅವರು ವಿಶ್ವಸಂಸ್ಥೆಯಲ್ಲಿ ಒಂದು ದಾರಿ ತೋರಿಸಿದರು. ಯಾವ ಕಡೆಗೂ ಸೇರದ ದೇಶಗಳ ಒಂದು ಆಯೋಗ ಮಾಡಿ, ಕೈದಿಗಳನ್ನು ಅದರ ವಶಕ್ಕೆ ಕೊಡಿ ಅಂತ. 1953ರ ಜುಲೈ 27ರಂದು ಕದನವಿರಾಮ ಆಯಿತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ನಮ್ಮ ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದಿಂದ ಐದು ಸಾವಿರಕ್ಕೂ ಹೆಚ್ಚು ಸೈನಿಕರು ಹೋದರು. ಆ ಪಡೆಯ ನಾಯಕರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್. ಬರ್ಮಾದ ಕಾಡಿನಲ್ಲಿ ತಿಮ್ಮಯ್ಯನವರ ಜೊತೆಗೇ ಹೋರಾಡಿದ್ದವರು.

ಶುರುವೇ ಸಲೀಸಾಗಿರಲಿಲ್ಲ. ದಕ್ಷಿಣ ಕೊರಿಯಾದ ಸರ್ಕಾರಕ್ಕೆ ಭಾರತೀಯರ ಮೇಲೆ ನಂಬಿಕೆ ಇರಲಿಲ್ಲ. ನಮ್ಮ ನೆಲದ ಮೇಲೆ ಕಾಲಿಡಬಾರದು ಅಂದುಬಿಟ್ಟರು. ಹಾಗಾಗಿ ನಮ್ಮ ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಎರಡೂ ಕಡೆಯ ನಡುವಿನ ಪಟ್ಟಿಗೆ ಸಾಗಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಡೇರೆಗಳ ಊರಿಗೆ ಹಿಂದ್ ನಗರ ಅಂತ ಹೆಸರಾಯಿತು.

ಈಗ ಅಂಚೆಚೀಟಿಗೆ ಬರೋಣ. ಅಷ್ಟು ದೂರದ ಚಳಿಯಲ್ಲಿದ್ದ ಸೈನಿಕರು ಮನೆಗೆ ಕಾಗದ ಬರೀಬೇಕಲ್ಲ? ಅದಕ್ಕಾಗಿ ಭಾರತದ ಅಂಚೆ ಇಲಾಖೆ ಆಗ ಬಳಕೆಯಲ್ಲಿದ್ದ ಚೀಟಿಗಳ ಮೇಲೆಯೇ ನಾಗರಿ ಅಕ್ಷರದಲ್ಲಿ ಭಾರತೀಯ ಸಂರಕ್ಷಾ ಕಟಕ ಕೊರಿಯಾ ಅಂತ ಅಚ್ಚೊತ್ತಿ ಕೊಟ್ಟಿತು. ಭಾರತೀಯ ಕಾವಲು ಪಡೆ, ಕೊರಿಯಾ ಅಂತ ಅದರ ಅರ್ಥ. ಆ ಚೀಟಿಗಳು 1949ರಲ್ಲಿ ಬಂದ ಸರಣಿಯವು. ಅಜಂತಾ, ಕೊನಾರ್ಕ, ಸಾಂಚಿಯಂಥ ಹಳೆಯ ಸ್ಮಾರಕಗಳ ಚಿತ್ರ ಅದರಲ್ಲಿದ್ದವು. ನಮ್ಮ ಬಿಜಾಪುರದ ಗೋಲ್ ಗುಂಬಜ್ ಇರುವ ಆರಾಣೆಯ ಚೀಟಿಯೂ ಆ ಸರಣಿಯಲ್ಲಿತ್ತು. ಮುಂದೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಶಾಂತಿ ಆಯೋಗಕ್ಕೆ, 1962ರಲ್ಲಿ ಕಾಂಗೋಗೆ, 1965ರಲ್ಲಿ ಗಾಜಾಕ್ಕೆ ಹೋದ ಭಾರತೀಯರಿಗೂ ಹೀಗೇ ಮೇಲೆ ಅಚ್ಚೊತ್ತಿದ ಚೀಟಿಗಳು ಬಂದವು. ಒಂದು ಆಲ್ಬಮ್ಮಿನಲ್ಲಿ ಇವನ್ನೆಲ್ಲ ಸಾಲಾಗಿ ಅಂಟಿಸಿದರೆ, ನಮ್ಮವರು ಎಲ್ಲೆಲ್ಲಿ ಜಗಳ ಬಿಡಿಸಲು ಹೋಗಿದ್ದರು ಅನ್ನೋ ಭೂಪಟವೇ ಆಗುತ್ತೆ.

ಹಿಂದ್ ನಗರದ ಕೆಲಸಕ್ಕೆ ವಾಪಸ್ ಬರೋಣ. ವಿಶ್ವಸಂಸ್ಥೆಯ ಸೈನ್ಯ ಹಿಡಿದಿದ್ದ ಸುಮಾರು 22,600 ಕೈದಿಗಳು ಮತ್ತು ಇನ್ನೊಂದು ಕಡೆ ಹಿಡಿದಿದ್ದ 359 ಕೈದಿಗಳು ಭಾರತೀಯರ ವಶಕ್ಕೆ ಬಂದರು. ಪ್ರತಿಯೊಬ್ಬ ಕೈದಿಯನ್ನೂ ಒಂದು ಡೇರೆಗೆ ಕರೆತರಬೇಕು. ಅವನ ದೇಶದ ಪ್ರತಿನಿಧಿ ಮನೆಗೆ ಬಾ ಅಂತ ವಿವರಿಸಿ ಹೇಳಬೇಕು. ಆಯೋಗದವರು ಪಕ್ಕದಲ್ಲಿ ಕೂತು ಯಾರೂ ಹೆದರಿಸದ ಹಾಗೆ ನೋಡಿಕೊಳ್ಳಬೇಕು. ಡೇರೆಗೆ ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೋದರೆ ಊರಿಗೆ, ಇನ್ನೊಂದರಿಂದ ಹೋದರೆ ಊರಿಗೆ ಹೋಗಲ್ಲ ಅಂತ. ಯಾವ ಬಾಗಿಲು ಅನ್ನೋದು ಕೈದಿಯ ಇಷ್ಟ.

ಕೇಳೋಕೆ ಸುಲಭ. ನಡೆದದ್ದು ಬೇರೆ. ಕೈದಿಗಳಲ್ಲೇ ಗುಂಪುಗಳು, ಗುಂಪಿಗೊಬ್ಬ ನಾಯಕ, ಒಳಗೊಳಗೇ ಬೆದರಿಕೆ. ಡೇರೆಗೆ ಬರುವುದಿಲ್ಲ ಅಂತ ಹಟ. ನಮ್ಮ ಸೈನಿಕರ ಮೇಲೆ ಕಲ್ಲು. ಒಮ್ಮೆ ಕೈದಿಗಳು ಒಬ್ಬ ಭಾರತೀಯ ಅಧಿಕಾರಿಯನ್ನೇ ಹಿಡಿದಿಟ್ಟುಕೊಂಡರು. ಆಗ ಥೋರಾಟ್ ಅವರೇ ಒಳಗೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದರು. ಎಲ್ಲಾ ದಿನವೂ ಹಾಗೆ ಆಗಲಿಲ್ಲ. ಗುಂಡು ಹಾರಿಸಬೇಕಾದ ದಿನಗಳೂ ಬಂದವು, ಕೆಲವು ಕೈದಿಗಳು ಸತ್ತರು. ಇದನ್ನು ನಿಮಗೆ ಹೇಳದೆ ಬಿಡಬಹುದಿತ್ತು. ಆದರೆ ಶಾಂತಿ ಕಾಯೋದು ಪಾರಿವಾಳ ಹಾರಿಬಿಟ್ಟ ಹಾಗೆ ಅಲ್ಲ ಅಂತ ನಿಮಗೂ ಗೊತ್ತಿರಲಿ.

ತಿಮ್ಮಯ್ಯನವರ ಮುಂದಿದ್ದ ಕಷ್ಟ ಇದು. ಕೈದಿಗಳನ್ನು ಬಲವಂತದಿಂದ ಡೇರೆಗೆ ಎಳೆತಂದರೆ ನೂರಾರು ಹೆಣ ಬೀಳುತ್ತಿತ್ತು. ತರದಿದ್ದರೆ ಚೀನಾ ಮತ್ತು ಉತ್ತರ ಕೊರಿಯಾದವರು ಮೋಸ ಅನ್ನುತ್ತಿದ್ದರು. ಸ್ವಲ್ಪ ಬಿಗಿ ಮಾಡಿದರೆ ಅಮೆರಿಕ ಮತ್ತು ದಕ್ಷಿಣ ಕೊರಿಯಾದವರಿಗೆ ಸಿಟ್ಟು. ಐದು ದೇಶಗಳ ಆಯೋಗದಲ್ಲೂ ಎರಡು ಮತ ಆ ಕಡೆ, ಎರಡು ಮತ ಈ ಕಡೆ. ಕೊನೆಗೆ ಭಾರತದ ಮತವೇ ತೀರ್ಪು. ಬಲಪ್ರಯೋಗ ಮಾಡಬಾರದು ಅನ್ನುವ ಮಾತಿಗೆ ತಿಮ್ಮಯ್ಯ ಅಂಟಿಕೊಂಡರು. ಗೊತ್ತುಮಾಡಿದ್ದ 90 ದಿನ ಡಿಸೆಂಬರ್ 23ಕ್ಕೆ ಮುಗಿದಾಗ ಊರಿನ ಬಾಗಿಲು ಆರಿಸಿಕೊಂಡಿದ್ದವರು ಕೆಲವೇ ನೂರು ಜನ. ಉಳಿದವರಲ್ಲಿ ಹೆಚ್ಚಿನವರು ಡೇರೆಯೊಳಗೆ ಬರಲೇ ಇಲ್ಲ. 1954ರ ಜನವರಿಯಲ್ಲಿ ಅವರನ್ನು ಹಿಡಿದವರಿಗೇ ಹಿಂತಿರುಗಿಸಲಾಯಿತು. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಜನ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು.

ಎರಡೂ ಕಡೆಯವರು ತಿಮ್ಮಯ್ಯನವರನ್ನು ಟೀಕಿಸಿದರು. ಆದರೆ ನಿಂತ ಯುದ್ಧ ಮತ್ತೆ ಶುರುವಾಗಲಿಲ್ಲ. ಆ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಕೊರಿಯಾದ ಅನುಭವವನ್ನು ಅವರು ಒಂದು ಪುಸ್ತಕವಾಗಿ ಬರೆದಿಟ್ಟರು. ಅದು ಅಚ್ಚಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1981ರಲ್ಲಿ.

1957ರಿಂದ 1961ರವರೆಗೆ ತಿಮ್ಮಯ್ಯನವರು ಭಾರತದ ಭೂಸೇನೆಯ ಮುಖ್ಯಸ್ಥರು. ಆಗ ರಕ್ಷಣಾ ಮಂತ್ರಿಯಾಗಿದ್ದವರು ಅದೇ ಕೃಷ್ಣ ಮೆನನ್. ಕೊರಿಯಾದ ಶಾಂತಿಗೆ ದಾರಿ ಹುಡುಕಿದ ಒಬ್ಬರು, ಆ ದಾರಿಯಲ್ಲಿ ನಡೆದು ತೋರಿಸಿದ ಇನ್ನೊಬ್ಬರು. ಆದರೂ ಇಬ್ಬರಿಗೂ ಹೊಂದಿಕೆ ಆಗಲಿಲ್ಲ. 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕೇಳಿಕೊಂಡ ಮೇಲೆ ವಾಪಸ್ ತೆಗೆದುಕೊಂಡರು. ದೊಡ್ಡವರ ನಡುವೆಯೂ ಹೀಗಾಗುತ್ತೆ ಮಕ್ಕಳೇ.

ಸೈಪ್ರಸ್: ಹಸಿರು ಗೆರೆಯ ಮೇಲೆ

ನಿವೃತ್ತಿ ಆದಮೇಲೆ ಕೊಡಗಿನ ಮನೆ, ಕಾಫಿ ತೋಟ ನೋಡಿಕೊಂಡು ಆರಾಮವಾಗಿ ಇರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು. ಆಗ ಅವರಿಗೆ 58 ವರ್ಷ.

ಭೂಪಟದಲ್ಲಿ ಟರ್ಕಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದಲ್ಲಿ ಸೈಪ್ರಸ್ ಇದೆ, ಹುಡುಕಿ. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದ ದೇಶ. ಅಲ್ಲಿನ ಹೆಚ್ಚಿನ ಜನ ಗ್ರೀಕ್ ಮಾತಾಡುವವರು, ಉಳಿದವರಲ್ಲಿ ಬಹುಪಾಲು ಟರ್ಕಿಶ್ ಮಾತಾಡುವವರು. ಧರ್ಮ ಬೇರೆ, ಭಾಷೆ ಬೇರೆ, ಆದರೆ ಹಳ್ಳಿಗಳು ಅಕ್ಕಪಕ್ಕ. ಅಧಿಕಾರ ಹಂಚಿಕೊಳ್ಳುವ ವಿಷಯದಲ್ಲಿ ತಕರಾರು ಬೆಳೆದು 1963ರ ಡಿಸೆಂಬರ್‌ನಲ್ಲಿ ಹೊಡೆದಾಟ ಶುರುವಾಯಿತು. ರಾಜಧಾನಿ ನಿಕೋಸಿಯಾದಲ್ಲಿ ಎರಡು ಜನರನ್ನು ಬೇರೆ ಮಾಡಲು ಒಬ್ಬ ಬ್ರಿಟಿಷ್ ಅಧಿಕಾರಿ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅದಕ್ಕೆ ಹಸಿರು ಗೆರೆ ಅಂತಲೇ ಹೆಸರು ಬಿತ್ತು.

1964ರ ಮಾರ್ಚ್ 4ರಂದು ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಲು ತೀರ್ಮಾನಿಸಿತು. ಬ್ರಿಟನ್, ಕೆನಡಾ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್, ಐರ್ಲೆಂಡ್‌ನಿಂದ ಸೈನಿಕರು ಬಂದರು. ಅವರ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಅವರ ನಂತರ ಜುಲೈನಲ್ಲಿ ತಿಮ್ಮಯ್ಯ. ಹೀಗೆ ಹಲವು ದೇಶಗಳ ಸಾವಿರಾರು ಸೈನಿಕರಿಗೆ ಕೊಡಗಿನವರು ನಾಯಕರಾದರು.

ಈ ಸೈನ್ಯ ಯಾರನ್ನೂ ಸೋಲಿಸಲು ಬಂದಿರಲಿಲ್ಲ. ತಮ್ಮ ಜೀವಕ್ಕೆ ಅಪಾಯ ಬಂದರೆ ಮಾತ್ರ ಗುಂಡು ಹಾರಿಸಬಹುದು. ಹಾಗಾದರೆ ಅವರು ಮಾಡುತ್ತಿದ್ದದ್ದೇನು? ಒಬ್ಬ ರೈತನ ಗದ್ದೆ ಇನ್ನೊಂದು ಕಡೆಯವರ ಬಂದೂಕಿನ ಎದುರಿಗಿದೆ ಅಂದ್ಕೊಳ್ಳಿ. ಅವನು ಕೊಯ್ಲು ಮಾಡುವಾಗ ನೀಲಿ ಟೋಪಿಯ ಸೈನಿಕರು ಪಕ್ಕದಲ್ಲಿ ನಿಲ್ಲೋದು. ಮುಚ್ಚಿದ ರಸ್ತೆಯಲ್ಲಿ ವಾಹನಗಳನ್ನು ಕಾವಲಿನಲ್ಲಿ ದಾಟಿಸೋದು. ಎಲ್ಲಿ ಹೊಸ ಮರಳುಮೂಟೆ ಬಿತ್ತೋ ಅಲ್ಲಿಗೆ ಹೋಗಿ ಮಾತಾಡಿ ತೆಗೆಸೋದು. ಒಂದು ಗುಂಡಿನ ಸದ್ದು ಕೇಳಿದರೆ ಎರಡೂ ಕಡೆ ಓಡಿಹೋಗಿ ಎರಡನೇ ಗುಂಡು ಹಾರದ ಹಾಗೆ ತಡೆಯೋದು. ಪೇಪರಿನಲ್ಲಿ ಬರುವಂಥ ಕೆಲಸ ಅಲ್ಲ ಇದು. ಚೆನ್ನಾಗಿ ಮಾಡಿದ ದಿನ ಏನೂ ಆಗಿರುವುದಿಲ್ಲ! ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ರಾತ್ರಿಯಿಡೀ ಸರ್ವರ್ ಕಾಯೋರ ಪಾಡು ಸ್ವಲ್ಪ ಹೀಗೇ. ಏನೂ ಆಗದಿದ್ದರೆ ಯಾರೂ ನೆನಪಿಸಿಕೊಳ್ಳಲ್ಲ. ಆದರೆ ಅಲ್ಲಿ ಪಣಕ್ಕಿದ್ದದ್ದು ಜೀವಗಳು.

ತಿಮ್ಮಯ್ಯನವರು ಕೆಲಸಕ್ಕೆ ಬಂದು ತಿಂಗಳಾಗುವಷ್ಟರಲ್ಲೇ ದೊಡ್ಡ ಪರೀಕ್ಷೆ ಎದುರಾಯಿತು. 1964ರ ಆಗಸ್ಟ್‌ನಲ್ಲಿ ದ್ವೀಪದ ವಾಯುವ್ಯ ಕರಾವಳಿಯ ಕೊಕ್ಕಿನಾ ಎಂಬಲ್ಲಿ ಕಾಳಗ ಹತ್ತಿತು. ಟರ್ಕಿಯ ವಿಮಾನಗಳು ಬಂದು ಬಾಂಬ್ ಹಾಕಿದವು. ಇಡೀ ದ್ವೀಪಕ್ಕೆ ಬೆಂಕಿ ಹತ್ತಬಹುದಿತ್ತು. ಭದ್ರತಾ ಮಂಡಳಿ ಕದನವಿರಾಮಕ್ಕೆ ಕರೆ ಕೊಟ್ಟಿತು, ಎರಡೂ ಕಡೆಯವರು ಒಪ್ಪಿದರು. ಆ ಒಪ್ಪಿಗೆ ಕಾಗದದಲ್ಲಿ ಉಳಿಯದೆ ಹಳ್ಳಿ ಹಳ್ಳಿಯಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ತಿಮ್ಮಯ್ಯನವರ ಸೈನಿಕರ ಪಾಲಿಗೆ ಬಂತು.

1965 ವಿಶ್ವಸಂಸ್ಥೆಗೆ 20 ತುಂಬಿದ ವರ್ಷ. ಅದನ್ನು ಅಂತರರಾಷ್ಟ್ರೀಯ ಸಹಕಾರ ವರ್ಷ ಅಂತ ಆಚರಿಸಿದರು. ಕೈ ಕೈ ಹಿಡಿದ ಚಿತ್ರವಿರುವ ಅಂಚೆಚೀಟಿಗಳನ್ನು ಭಾರತವೂ ಸೇರಿದಂತೆ ಎಷ್ಟೋ ದೇಶಗಳು ತಂದವು. ಚೀಟಿಯ ಮೇಲೆ ಕೈ ಹಿಡಿಸುವುದು ಸುಲಭ. ನಿಕೋಸಿಯಾದ ಬೀದಿಯಲ್ಲಿ ಅದನ್ನೇ ಮಾಡಲು ಒಬ್ಬರು ದಿನಾ ಓಡಾಡುತ್ತಿದ್ದರು. ಆ ವರ್ಷ ಮುಗಿಯಲು ಇನ್ನು ಎರಡು ವಾರ ಇದ್ದಾಗ, ಡಿಸೆಂಬರ್ 18ರಂದು, ತಿಮ್ಮಯ್ಯನವರು ಸೈಪ್ರಸ್‌ನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಇನ್ನೂ 60 ತುಂಬಿರಲಿಲ್ಲ. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಕೊನೆಯ ಕಾರ್ಯ ಅಲ್ಲೇ ನಡೆಯಿತು.

ಮಾರನೇ ವರ್ಷ ಬಂದದ್ದೇ ನಾನು ಮೊದಲು ಹೇಳಿದ 50 ಮಿಲ್‌ನ ಅಂಚೆಚೀಟಿ. ಸೈಪ್ರಸ್‌ನ ಚೀಟಿಗಳಲ್ಲಿ ದೇಶದ ಹೆಸರು ಗ್ರೀಕ್, ಟರ್ಕಿಶ್, ಇಂಗ್ಲಿಷ್ ಮೂರೂ ಭಾಷೆಯಲ್ಲಿರುತ್ತೆ. ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಜನರ ಭಾಷೆಗಳು ಆ ಪುಟ್ಟ ಕಾಗದದ ಮೇಲೆ ಅಕ್ಕಪಕ್ಕ ಕೂತಿವೆ. ಅವುಗಳ ಜೊತೆಗೆ ಮಡಿಕೇರಿಯ ತಿಮ್ಮಯ್ಯನವರ ಮುಖ.

ಚೀಟಿ ಉಳಿಯಿತು, ಗೆರೆಯೂ ಉಳಿಯಿತು

ಕಥೆ ಇಲ್ಲಿಗೆ ಸುಖಾಂತ್ಯ ಅಂತ ಹೇಳೋಕೆ ನನಗೂ ಆಸೆ. ಆದರೆ 1974ರಲ್ಲಿ ಸೈಪ್ರಸ್‌ನಲ್ಲಿ ಮತ್ತೆ ಯುದ್ಧವಾಯಿತು. ದ್ವೀಪ ಎರಡು ಭಾಗವಾಯಿತು. ಹಸಿರು ಗೆರೆ ಬೆಳೆದು ಇಡೀ ದ್ವೀಪವನ್ನು ಸೀಳುವ ಸುಮಾರು 180 ಕಿಲೋಮೀಟರ್ ಪಟ್ಟಿಯಾಯಿತು. ವಿಶ್ವಸಂಸ್ಥೆಯ ಸೈನಿಕರು ಇಂದಿಗೂ ಅಲ್ಲಿ ಕಾಯ್ತಿದ್ದಾರೆ. ಕೊರಿಯಾವೂ ಇಂದಿಗೂ ಎರಡು.

ಹಾಗಾದರೆ ತಿಮ್ಮಯ್ಯನವರು ಮಾಡಿದ್ದು ವ್ಯರ್ಥ ಆಯ್ತಾ? ನನ್ನ ಮಗಳೂ ಇದನ್ನೇ ಕೇಳಿದಳು. ನನಗೆ ಅನ್ನಿಸೋದು ಇಷ್ಟು. ಅವರು ಅಲ್ಲಿದ್ದ ಆ ಒಂದೂವರೆ ವರ್ಷದಲ್ಲಿ ಯಾರೋ ರೈತರು ಗೋಧಿ ಕೊಯ್ದು ಮನೆಗೆ ತಂದರು. ಯಾರೋ ಮಕ್ಕಳು ಆ ರಸ್ತೆಯಲ್ಲಿ ಅಪ್ಪ ಅಮ್ಮನ ಜೊತೆ ಸುರಕ್ಷಿತವಾಗಿ ದಾಟಿದರು. ಅವರಿಗೆ ಇವತ್ತು ಅರುವತ್ತು ಎಪ್ಪತ್ತು ವರ್ಷ ಆಗಿರುತ್ತೆ. ಅವರ ಲೆಕ್ಕದಲ್ಲಿ ಅದು ವ್ಯರ್ಥ ಅಲ್ಲ. ಸೈಪ್ರಸ್‌ನ ಲಾರ್ನಕಾ ಪಟ್ಟಣದಲ್ಲಿ ಒಂದು ದೊಡ್ಡ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರು ಇಟ್ಟಿದ್ದಾರೆ. ಅದು ಈಗಲೂ ಇದೆ.

ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರು. ನಾವು ಆ ರಸ್ತೆಯಲ್ಲಿ ಓಡಾಡುವಾಗ ಬೋರ್ಡ್ ಓದಿ ಮುಂದೆ ಹೋಗಿಬಿಡ್ತೀವಿ. ಮಡಿಕೇರಿಯಲ್ಲಿ ಅವರ ಮನೆ ಸನ್ನಿ ಸೈಡ್ ಈಗ ಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಊರಿಗೆ ಹೋದಾಗ ಅಬ್ಬಿ ಜಲಪಾತ, ರಾಜಾಸೀಟ್ ಜೊತೆಗೆ ಅದನ್ನೂ ನೋಡಿ ಬನ್ನಿ ಅಂತ ಪೋಷಕರಲ್ಲಿ ನನ್ನ ವಿನಂತಿ.

ಇನ್ನೊಂದು ಮಾತು. ನೀಲಿ ಟೋಪಿ ಭಾರತದವರು ಮಾತ್ರ ಹಾಕಿದ್ದಲ್ಲ. ಸ್ವತಂತ್ರವಾಗಿ ಮೂರೇ ವರ್ಷ ಆಗಿದ್ದ ಮಲಯ ದೇಶ 1960ರಲ್ಲಿ ತನ್ನ ಸೈನಿಕರನ್ನು ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಕಳಿಸಿತು. ಮಲೇಷ್ಯಾದ ಸೈನಿಕರು 2007ರಿಂದ ಲೆಬನಾನ್‌ನಲ್ಲೂ ಶಾಂತಿ ಕಾಯುವ ಕೆಲಸ ಮಾಡಿದ್ದಾರೆ. ಕಾಂಗೋದಲ್ಲಿ ಮಲಯದವರೂ ಭಾರತದವರೂ ಒಂದೇ ಬಾವುಟದ ಕೆಳಗಿದ್ದರು. ನಿಮಗೆ ಈ ಎರಡೂ ದೇಶಗಳು ಸ್ವಂತ. ಹಾಗಾಗಿ ಈ ಕಥೆಯೂ ಎರಡು ಕಡೆಯಿಂದ ನಿಮ್ಮದೇ.

ಮುಂದಿನ ಶನಿವಾರ ತರಗತಿಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ಬಿಳಿ ಹಾಳೆಯಲ್ಲಿ ಒಂದು ಅಂಚೆಚೀಟಿ ಬಿಡಿಸಿ. ಅದರ ಮೇಲೆ ನಿಮಗೆ ಗೊತ್ತಿರುವ, ಜಗಳ ಬಿಡಿಸಿದ ಒಬ್ಬರ ಮುಖ ಇರಲಿ. ಪ್ರಸಿದ್ಧರೇ ಆಗಬೇಕಿಲ್ಲ. ಅಜ್ಜಿ ಆಗಬಹುದು, ಶಾಲಾ ಬಸ್ಸಿನ ಅಂಕಲ್ ಆಗಬಹುದು, ಪಕ್ಕದ ಬೆಂಚಿನ ಗೆಳತಿಯೂ ಆಗಬಹುದು. ಕೆಳಗೆ ಅವರ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಎಲ್ಲವನ್ನೂ ಗೋಡೆಗೆ ಅಂಟಿಸೋಣ. ನಾನು ತಿಮ್ಮಯ್ಯನವರದ್ದು ಬಿಡಿಸಿ ತರ್ತೀನಿ.